ಕೂಸಿನ ಬೆನ್ನನ್ನು ಸಕಾಲದಲ್ಲಿ ನೋಡೋಣ



ಕಳೆದ ಶ್ರಾವಣದ ಒಂದು ಸೋಮವಾರ ಶ್ರೀಮಠಕ್ಕೆ ದರ್ಶನಕ್ಕೆಂದು ಬಂದಿದ್ದ ದಂಪತಿಗಳು ಪ್ರಸಾದ ಮುಗಿದ ಮೇಲೂ ಊರಿಗೆ ಹೊರಡದೆ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಜೊತೆಯಲ್ಲಿ ಏಳು ವರ್ಷದ ಮಗ. ಮಗುವಿಗೆ ಮೂತ್ರದ ಮೇಲೆ ಹಿಡಿತವಿಲ್ಲ, ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ, ಒಂದು ವರ್ಷದಿಂದ ಎಡಗಾಲನ್ನು ಎಳೆದು ನಡೆಯುತ್ತಿದ್ದಾನೆ. ಇಷ್ಟನ್ನು ಹೇಳಿ ಮುಗಿಸಿದ ತಂದೆ ಕೊನೆಗೆ, "ಸರ್, ಅಪ್ಪಾರನ್ನ ಕೇಳಿ ಹೇಳ್ರಿ, ಇದು ನಮ್ಮ ಯಾವ ಪಾಪಕ್ಕ ಬಂತು?" ಎಂದರು. ತಾಯಿ ಅಂಗಿಯನ್ನು ಎತ್ತಿ ಮಗುವಿನ ಬೆನ್ನನ್ನು ತೋರಿಸಿದರು. ಸೊಂಟದ ಮೇಲ್ಭಾಗದಲ್ಲಿ, ಬೆನ್ನಿನ ನಟ್ಟನಡುವೆ ಒಂದು ಹಿಡಿ ಕೂದಲಿನ ಗೊಂಚಲಿತ್ತು. ಹುಟ್ಟಿದಾಗಲೇ ಇತ್ತಂತೆ. ಮನೆಯ ಹಿರಿಯರು ಅದನ್ನು ಅದೃಷ್ಟದ ಗುರುತೆಂದು ಬಗೆದಿದ್ದರು.

ಆ ಮಗುವನ್ನು ನಗರದ ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಾಯಿತು. ಎಂಆರ್‌ಐ ಚಿತ್ರದಲ್ಲಿ ಕಾರಣ ಸ್ಪಷ್ಟವಾಗಿ ಕಂಡಿತು. ಬೆನ್ನುಹುರಿಯ ತುದಿ ಕೊಬ್ಬಿನ ಗಂಟೊಂದಕ್ಕೆ ಅಂಟಿಕೊಂಡು ಕೆಳಕ್ಕೆ ಎಳೆಯಲ್ಪಟ್ಟಿತ್ತು. ಮಗು ಎತ್ತರಕ್ಕೆ ಬೆಳೆದಂತೆಲ್ಲ ಆ ಎಳೆತ ಹೆಚ್ಚಿ ನರಗಳು ಸೊರಗಿದ್ದವು. ಶಸ್ತ್ರಚಿಕಿತ್ಸೆಯಾಯಿತು. ಕಾಲಿನ ದೌರ್ಬಲ್ಯ ಮುಂದುವರಿಯದೆ ನಿಂತಿದೆ. ಆದರೆ ಮೂತ್ರಕೋಶ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಲಿಲ್ಲ. ಇಂದು ಆ ತಾಯಿ ದಿನಕ್ಕೆ ಐದು ಬಾರಿ ತೆಳುವಾದ ನಳಿಕೆಯಿಂದ ಮಗನ ಮೂತ್ರವನ್ನು ಹೊರತೆಗೆಯುತ್ತಾರೆ.

ತಂದೆ ಕೇಳಿದ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಇಷ್ಟೇ: ಇಲ್ಲಿ ಪಾಪವೆಂಬುದು ಯಾವುದೂ ಇಲ್ಲ, ಇರುವುದು ತಡವಾದ ನೋಟ. ಮಕ್ಕಳ ಬೆನ್ನುಹುರಿ ಮತ್ತು ಸೊಂಟದ ಜನ್ಮದೋಷಗಳನ್ನು ತೋರಿಸಬಲ್ಲ ಚಿತ್ರಣ ವಿಧಾನಗಳು ನಮ್ಮ ನಾಡಿನಲ್ಲಿವೆ. ಅವುಗಳಿಗೆ ಸಂಬಂಧಿಸಿದ ಕಾನೂನುಗಳೂ ಸರ್ಕಾರದ ಯೋಜನೆಗಳೂ ಇವೆ. ಆದರೂ ಮಗು ಯಂತ್ರದ ಮುಂದೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಇದು ಏಕೆ ಹೀಗಾಗುತ್ತಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಬಯಸುತ್ತೇವೆ.

ದೋಷಗಳ ಸ್ವರೂಪ

ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯಬೇಕಾದ ನಾಳವು ಮುಚ್ಚಿಕೊಳ್ಳುತ್ತದೆ. ತಾನು ಗರ್ಭಿಣಿಯೆಂಬುದು ಅನೇಕ ತಾಯಂದಿರಿಗೆ ಇನ್ನೂ ತಿಳಿದಿರದ ದಿನಗಳವು. ಆ ನಾಳ ಪೂರ್ತಿ ಮುಚ್ಚದಿದ್ದರೆ ಬೆನ್ನಿನಲ್ಲಿ ತೆರೆದ ಗಾಯದಂತೆ ಅಥವಾ ನೀರು ತುಂಬಿದ ಚೀಲದಂತೆ ಕಾಣುವ ಸ್ಪೈನಾ ಬೈಫಿಡಾ ಉಂಟಾಗುತ್ತದೆ. ಇದು ಹುಟ್ಟಿದೊಡನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಚರ್ಮದಡಿಯಲ್ಲಿ ಅಡಗಿರುವ ದೋಷಗಳು ಹಾಗೆ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೇಳಿದ ಬಾಲಕನದು ಈ ಬಗೆಯದು.

ಇವುಗಳಿಗಿಂತ ವಿರಳವಾದ ಕೆಲವು ದೋಷಗಳಿವೆ. ಬೆನ್ನುಮೂಳೆಯ ಬುಡದಲ್ಲಿ, ಸೊಂಟದ ಎರಡು ಮೂಳೆಗಳ ನಡುವೆ ಬೆಣೆಯಂತೆ ಕುಳಿತಿರುವ ತ್ರಿಕಾಸ್ಥಿಯು ಭಾಗಶಃ ಅಥವಾ ಪೂರ್ತಿಯಾಗಿ ಬೆಳೆಯದಿರುವುದು ಒಂದು. ತಾಯಿಗೆ ಗರ್ಭಧಾರಣೆಗೆ ಮೊದಲೇ ಇದ್ದ ಮಧುಮೇಹಕ್ಕೂ ಈ ದೋಷಕ್ಕೂ ಹತ್ತಿರದ ನಂಟಿದೆಯೆಂಬುದನ್ನು ವೈದ್ಯಶಾಸ್ತ್ರ ಗುರುತಿಸಿದೆ. ಮೂತ್ರಕೋಶವು ಹೊಟ್ಟೆಯ ಹೊರಗೆ ತೆರೆದುಕೊಂಡು, ಸೊಂಟದ ಮುಂಭಾಗದ ಮೂಳೆಗಳು ಒಂದನ್ನೊಂದು ಕೂಡದೆ ಅಗಲವಾಗಿ ಉಳಿಯುವುದು ಇನ್ನೊಂದು. ಮೂರನೆಯದನ್ನು 1981ರಲ್ಲಿ ಅಮೆರಿಕದ ಮಕ್ಕಳ ರೇಡಿಯಾಲಜಿ ತಜ್ಞ ಗೈಡೊ ಕುರಾರಿನೊ ಮತ್ತು ಸಂಗಡಿಗರು ವಿವರಿಸಿದರು. ಇದರಲ್ಲಿ ತ್ರಿಕಾಸ್ಥಿಯ ದೋಷ, ಗುದದ್ವಾರದ ದೋಷ ಮತ್ತು ತ್ರಿಕಾಸ್ಥಿಯ ಮುಂದೆ ಒಂದು ಗಂಟು, ಈ ಮೂರೂ ಒಟ್ಟಿಗೆ ಇರುತ್ತವೆ. ಇದು ವಂಶದಲ್ಲಿ ಹರಿದುಬರಬಹುದಾದದ್ದು. ಇದಕ್ಕೆ ಸಂಬಂಧಿಸಿದ ವಂಶವಾಹಿಯನ್ನು 1998ರಲ್ಲಿ ಗುರುತಿಸಲಾಯಿತು.

ಈ ಮೂರನೆಯ ದೋಷವುಳ್ಳ ಮಗುವಿನ ಮುಖ್ಯ ತೊಂದರೆ ಬಹುವೇಳೆ ಮಲಬದ್ಧತೆಯಷ್ಟೇ ಆಗಿರುತ್ತದೆ. ಅಂಥ ಮಗುವಿಗೆ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಹರಳೆಣ್ಣೆ ಕುಡಿಸುತ್ತೇವೆ. ಆದರೆ ಕೆಳಬೆನ್ನಿನ ಒಂದು ಸಾಮಾನ್ಯ ಎಕ್ಸ್‌ರೇ ತೆಗೆದರೆ ತ್ರಿಕಾಸ್ಥಿ ಒಂದು ಬದಿಯಲ್ಲಿ ಸವೆದ ಕುಡುಗೋಲಿನಂತೆ ಬಾಗಿ ಕಾಣಿಸುತ್ತದೆ. ಅದನ್ನು ಕಂಡ ತಜ್ಞರು ಕೂಡಲೇ ಎಂಆರ್‌ಐ ಮಾಡಿಸುತ್ತಾರೆ. ಏಕೆಂದರೆ ಆ ಗಂಟು ಬೆನ್ನುಹುರಿಯ ಹೊದಿಕೆಗೆ ಕೂಡಿಕೊಂಡ ನೀರಿನ ಚೀಲವೂ ಆಗಿರಬಹುದು. ಚಿತ್ರ ನೋಡದೆ ಅದಕ್ಕೆ ಸೂಜಿ ಚುಚ್ಚಿದರೆ ಮಿದುಳುಪೊರೆಗೆ ಸೋಂಕು ತಗಲುವ ಅಪಾಯವಿದೆ. ಚಿಕಿತ್ಸೆಗೆ ಮುನ್ನ ಚಿತ್ರ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಒಂದೊಂದು ಚಿತ್ರಕ್ಕೆ ಒಂದೊಂದು ಕಾಲ

ಮೊದಲನೆಯ ಅವಕಾಶ ಗರ್ಭದ 18ರಿಂದ 20ನೆಯ ವಾರದಲ್ಲಿ ಬರುತ್ತದೆ. ಆಗ ಮಾಡುವ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಅಂಗಾಂಗಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಬೆನ್ನಿನ ದೋಷದ ಸುಳಿವು ತಲೆಯ ಚಿತ್ರದಲ್ಲಿಯೂ ಸಿಗುತ್ತದೆಂಬುದನ್ನು 1986ರಲ್ಲಿ ಲಂಡನ್ನಿನ ವೈದ್ಯರು ತೋರಿಸಿಕೊಟ್ಟರು. ತೆರೆದ ಸ್ಪೈನಾ ಬೈಫಿಡಾ ಇರುವ ಶಿಶುವಿನ ತಲೆಯ ಅಡ್ಡಚಿತ್ರವು ಹಣೆಯ ಕಡೆ ನಿಂಬೆಹಣ್ಣಿನ ಆಕಾರ ತಾಳುತ್ತದೆ, ಕಿರುಮಿದುಳು ಬಾಳೆಹಣ್ಣಿನಂತೆ ಬಾಗಿರುತ್ತದೆ. ಹಾಗೆಯೇ, ಮತ್ತೆ ಮತ್ತೆ ನೋಡಿದರೂ ಶಿಶುವಿನ ಮೂತ್ರಕೋಶ ತುಂಬಿದ್ದು ಕಾಣದಿದ್ದರೆ ಅದು ಹೊರಗೆ ತೆರೆದುಕೊಂಡಿರಬಹುದೆಂಬ ಸಂಶಯ ಮೂಡುತ್ತದೆ. ಹೀಗೆ ಮೊದಲೇ ತಿಳಿದರೆ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಯನ್ನು ಯೋಜಿಸಬಹುದು. ಹೆತ್ತ ಮರುದಿನ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೂರಾರು ಮೈಲಿ ಓಡುವ ಸಂಕಟ ತಪ್ಪುತ್ತದೆ.

ಎರಡನೆಯ ಅವಕಾಶದ ಬಗ್ಗೆ ನಮ್ಮ ಜನಕ್ಕೆ ತಿಳಿದಿರುವುದು ಬಹಳ ಕಡಿಮೆ. ನವಜಾತ ಶಿಶುವಿನ ಬೆನ್ನುಮೂಳೆಯ ಹಿಂಭಾಗ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ. ಶಬ್ದತರಂಗಗಳು ಅದನ್ನು ಸುಲಭವಾಗಿ ದಾಟಬಲ್ಲವು. ಆದ್ದರಿಂದ ಮೊದಲ ಮೂರು ತಿಂಗಳಲ್ಲಿ ಸಾಧಾರಣ ಅಲ್ಟ್ರಾಸೌಂಡ್ ಯಂತ್ರದಿಂದಲೇ ಬೆನ್ನುಹುರಿ ಎಲ್ಲಿ ಮುಗಿಯುತ್ತದೆ, ಅದು ಸಲೀಸಾಗಿ ಅಲುಗಾಡುತ್ತಿದೆಯೇ, ಅದಕ್ಕೆ ಕೊಬ್ಬು ಅಂಟಿದೆಯೇ ಎಂಬುದನ್ನು ನೋಡಬಹುದು. ಮತ್ತು ಬರಿಸುವ ಅಗತ್ಯವಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ನಂತರದ ತಿಂಗಳುಗಳಲ್ಲಿ ಮೂಳೆ ಗಟ್ಟಿಯಾಗುತ್ತ ಆ ಕಿಟಕಿ ಮುಚ್ಚುತ್ತದೆ. ಆಮೇಲೆ ಬೆನ್ನುಹುರಿಯನ್ನು ನೋಡಲು ಎಂಆರ್‌ಐ ಬೇಕು. ಅದಕ್ಕೆ ಮಗು ಅಲುಗಾಡದೆ ಮಲಗಿರಬೇಕು. ತಿಂಗಳೊಪ್ಪತ್ತಿನ ಕೂಸಾದರೆ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ ಮಲಗಿಸಿದರೆ ಸಾಕಾಗಬಹುದು. ಎರಡು ಮೂರು ವರ್ಷದ ಮಗುವಿಗೆ ಬಹುಪಾಲು ಅರಿವಳಿಕೆ ಬೇಕಾಗುತ್ತದೆ.

ಹಾಗೆಂದು ಎಲ್ಲ ಕೂಸುಗಳಿಗೂ ಸ್ಕ್ಯಾನಿಂಗ್ ಬೇಕೆಂದು ನಾವು ಹೇಳುತ್ತಿಲ್ಲ. ಗುದದ್ವಾರಕ್ಕೆ ಎರಡೂವರೆ ಸೆಂಟಿಮೀಟರ್ ಒಳಗೆ, ನಡುಗೆರೆಯ ಮೇಲೆ, ಐದು ಮಿಲಿಮೀಟರ್‌ಗಿಂತ ಚಿಕ್ಕದಾದ ಗುಳಿ ಅನೇಕ ಆರೋಗ್ಯವಂತ ಮಕ್ಕಳಲ್ಲಿಯೂ ಇರುತ್ತದೆ. ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಗುಳಿ ಅದಕ್ಕಿಂತ ದೊಡ್ಡದಾಗಿದ್ದರೆ ಅಥವಾ ಮೇಲಕ್ಕಿದ್ದರೆ, ಕೂದಲಿನ ಗೊಂಚಲು, ಮೆತ್ತನೆಯ ಗಡ್ಡೆ, ಬಾಲದಂಥ ಚರ್ಮ, ಕೆಂಪು ಮಚ್ಚೆ, ದ್ರವ ಒಸರುವ ರಂಧ್ರ ಇವುಗಳಲ್ಲಿ ಯಾವುದಾದರೂ ಇದ್ದರೆ, ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಗುಳಿಯೊಳಗೆ ಕಡ್ಡಿಯನ್ನಾಗಲಿ ಹತ್ತಿಯನ್ನಾಗಲಿ ಹಾಕಬಾರದು. ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಮಲದ ದಾರಿಯ ಶಸ್ತ್ರಚಿಕಿತ್ಸೆಯಷ್ಟೇ ಸಾಲದು. ಬೆನ್ನುಹುರಿ, ಮೂತ್ರಪಿಂಡ ಮತ್ತು ಹೃದಯದ ಚಿತ್ರಗಳನ್ನೂ ತೆಗೆಸಬೇಕು. ಈ ದೋಷಗಳು ಗುಂಪಾಗಿ ಬರುವ ಸ್ವಭಾವದವು.

ಮೂರನೆಯದು ಅವಕಾಶವೆನ್ನುವುದಕ್ಕಿಂತ ಜೀವನಪರ್ಯಂತದ ವ್ರತ. ಬೆನ್ನುಹುರಿಯ ನರಗಳು ದುರ್ಬಲವಾದಾಗ ಮೂತ್ರಕೋಶದಲ್ಲಿ ಒತ್ತಡ ಏರಿ, ಮೂತ್ರ ಹಿಮ್ಮುಖವಾಗಿ ಹರಿದು ಮೂತ್ರಪಿಂಡಗಳನ್ನು ಹಾಳುಮಾಡಬಹುದು. ಇದಕ್ಕೆ ನೋವಿರಬೇಕೆಂದೇನೂ ಇಲ್ಲ. ಆದುದರಿಂದ ಮಗು ಚೆನ್ನಾಗಿಯೇ ಆಡಿಕೊಂಡಿದ್ದರೂ ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ಮೂತ್ರಪಿಂಡಗಳ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. 1972ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯ ಜ್ಯಾಕ್ ಲಾಪಿಡೆಸ್ ಮತ್ತು ಸಂಗಡಿಗರು, ನಿಯಮಿತ ವೇಳೆಗೆ ಶುಚಿಯಾದ ನಳಿಕೆಯಿಂದ ಮೂತ್ರಕೋಶವನ್ನು ಮನೆಯಲ್ಲಿಯೇ ಬರಿದು ಮಾಡುವ ವಿಧಾನವನ್ನು ಪ್ರಕಟಿಸಿದರು. ಸರಳವಾದ ಈ ಕ್ರಮದಿಂದ ಎಷ್ಟೋ ಮಕ್ಕಳ ಮೂತ್ರಪಿಂಡಗಳು ಉಳಿದಿವೆ.

ಕಾನೂನು ಇದೆ, ಯೋಜನೆ ಇದೆ

ಗರ್ಭದ ಸ್ಕ್ಯಾನಿಂಗ್ ಎಂದೊಡನೆ ನಮ್ಮ ಜನ ಹೆದರುವುದುಂಟು. 1994ರ ಕಾಯಿದೆಯು ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ನಿಷೇಧಿಸಿದೆ. ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿಯಾಗಿರಬೇಕು, ಪ್ರತಿ ಪರೀಕ್ಷೆಗೂ ನಮೂನೆ ಭರ್ತಿಯಾಗಬೇಕು. ಹೆಣ್ಣುಕೂಸನ್ನು ಗರ್ಭದಲ್ಲಿಯೇ ಇಲ್ಲವಾಗಿಸಿದ ಸಮಾಜಕ್ಕೆ ಈ ಕಟ್ಟುನಿಟ್ಟು ಅಗತ್ಯವಾಗಿತ್ತು, ಈಗಲೂ ಅಗತ್ಯ. ಆದರೆ ಆ ಕಾಯಿದೆ ನಿಷೇಧಿಸಿರುವುದು ಲಿಂಗಪತ್ತೆಯನ್ನು, ದೋಷಪತ್ತೆಯನ್ನಲ್ಲ. ಗಂಡೋ ಹೆಣ್ಣೋ ಎಂದು ಕೇಳದೆ, ಬೆನ್ನು ಸರಿಯಿದೆಯೇ, ಮೂತ್ರಕೋಶ ತುಂಬುತ್ತಿದೆಯೇ ಎಂದು ಕೇಳುವುದನ್ನು ನಾವು ಕಲಿಯಬೇಕಾಗಿದೆ.

2021ರಲ್ಲಿ ಗರ್ಭಪಾತ ಕಾಯಿದೆಗೆ ತಂದ ತಿದ್ದುಪಡಿಯು, ಶಿಶುವಿಗೆ ಗಂಭೀರ ಸ್ವರೂಪದ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದಾಗ 24 ವಾರಗಳ ಮಿತಿ ಅನ್ವಯಿಸುವುದಿಲ್ಲವೆಂದು ಹೇಳಿದೆ. ಇದರ ವಿಚಾರದಲ್ಲಿ ಸಮಾಜದಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜ. ಅದು ಒಂದು ಕುಟುಂಬ ಕಣ್ಣೀರಿನೊಡನೆ ಕೈಗೊಳ್ಳಬೇಕಾದ ತೀರ್ಮಾನ, ಹೊರಗಿನವರು ನ್ಯಾಯ ಹೇಳುವ ವಿಷಯವಲ್ಲ. ನಮ್ಮ ಮಾತು ಒಂದೇ. ಸ್ಪಷ್ಟವಾದ ಚಿತ್ರ, ಅದನ್ನು ಬಲ್ಲವರ ವಿವರಣೆ, ಇಂಥ ಮಕ್ಕಳನ್ನು ಸಾಕಿ ಬೆಳೆಸಿದವರೊಡನೆ ಮಾತುಕತೆ, ಈ ಮೂರೂ ಇಲ್ಲದೆ ಅಂಥ ತೀರ್ಮಾನಕ್ಕೆ ಯಾರನ್ನೂ ದೂಡಬಾರದು. ದೋಷದ ಹೆಸರು ಒಂದೇ ಆದರೂ ಒಂದು ಮಗು ಗಾಲಿಕುರ್ಚಿಯಲ್ಲಿರುತ್ತದೆ, ಇನ್ನೊಂದು ಮಗು ಮೈದಾನದಲ್ಲಿ ಓಡುತ್ತದೆ.

ಹುಟ್ಟಿದ ಮೇಲಿನ ಕಾಲಕ್ಕೂ ಏರ್ಪಾಡುಗಳಿವೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಕೂಸನ್ನು ಆಶಾ ಕಾರ್ಯಕರ್ತೆ ಮನೆಗೆ ಬಂದು 42 ದಿನಗಳೊಳಗೆ ಆರು ಬಾರಿ ನೋಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷಗಳನ್ನು ಪತ್ತೆಮಾಡಿ ಉಚಿತ ಚಿಕಿತ್ಸೆಗೆ ಕಳುಹಿಸಲೆಂದೇ ರೂಪುಗೊಂಡಿದೆ. ಬೆನ್ನುಹುರಿಯ ನಾಳದ ದೋಷ ಅದರ ಪಟ್ಟಿಯಲ್ಲಿದೆ. ಅದರ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ನೀಡಬೇಕು.

ಹಾಗಿದ್ದೂ ನಮ್ಮ ಬಾಲಕ ಏಳು ವರ್ಷ ಹೇಗೆ ತಪ್ಪಿಸಿಕೊಂಡ? ಇದಕ್ಕೆ ಎರಡು ಕಾರಣಗಳು ನಮಗೆ ಕಾಣುತ್ತವೆ. ಯಂತ್ರ ತಾಲ್ಲೂಕಿಗೆ ಬಂದರೂ, ಕೂಸಿನ ಬೆನ್ನುಹುರಿಯ ಚಿತ್ರವನ್ನು ಓದಬಲ್ಲ ತಜ್ಞರು ನಗರಗಳಲ್ಲಿಯೇ ಉಳಿದಿದ್ದಾರೆ. ಇದು ಸರ್ಕಾರ ಉತ್ತರಿಸಬೇಕಾದ ಕೊರತೆ. ಚಿತ್ರಗಳನ್ನು ದೂರದ ತಜ್ಞರಿಗೆ ಕ್ಷಣಮಾತ್ರದಲ್ಲಿ ಕಳುಹಿಸಬಹುದಾದ ಈ ಕಾಲದಲ್ಲಿ ಜಿಲ್ಲಾ ಆಸ್ಪತ್ರೆಗಳನ್ನು ಮಕ್ಕಳ ಆಸ್ಪತ್ರೆಗಳೊಡನೆ ಜೋಡಿಸುವುದು ಅಸಾಧ್ಯವೇನಲ್ಲ. ಎರಡನೆಯ ಕಾರಣ ನಮ್ಮ ಮನೆಗಳೊಳಗಿದೆ. ಶಾಲೆಗೆ ಬಂದ ತಂಡ ಮಗುವಿನ ಕಣ್ಣು, ಹಲ್ಲು, ತೂಕ ನೋಡಿತು. ಮೂತ್ರದ ತೊಂದರೆಯನ್ನು ಹೇಳಲು ಮಗುವಿಗೂ ನಾಚಿಕೆ, ತಂದೆತಾಯಿಗೂ ನಾಚಿಕೆ. ಹೇಳದ ತೊಂದರೆಯನ್ನು ಯಾವ ತಂಡ ತಾನೇ ಬರೆದುಕೊಂಡೀತು?

ತಡೆಯಬಹುದಾದದ್ದನ್ನು ತಡೆಯೋಣ

ಈ ದೋಷಗಳೆಲ್ಲವನ್ನೂ ತಡೆಯಲಾಗದು, ಕೆಲವನ್ನು ತಡೆಯಬಹುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಏಳು ದೇಶಗಳಲ್ಲಿ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಹಿಂದೆ ಇಂಥ ದೋಷವುಳ್ಳ ಶಿಶುವನ್ನು ಧರಿಸಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದಾಗ, ನರನಾಳದ ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸ್ಪೈನಾ ಬೈಫಿಡಾದಂಥ ದೋಷಗಳನ್ನು ತಡೆಯಲು ಆಹಾರವನ್ನು ಪೋಷಕಾಂಶಗಳಿಂದ ಬಲವರ್ಧಿಸುವ ಕ್ರಮವನ್ನು ಚುರುಕುಗೊಳಿಸಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು.

ನಮ್ಮಲ್ಲಿ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ ಮತ್ತು ಬಿ12 ಜೊತೆಗೆ ಫೋಲಿಕ್ ಆಮ್ಲವೂ ಇದೆ. ಅದರ ಪ್ರಮಾಣ ಕಿಲೋ ಒಂದಕ್ಕೆ 75ರಿಂದ 125 ಮೈಕ್ರೋಗ್ರಾಂ. ದಿನಕ್ಕೆ ಕಾಲು ಕಿಲೋ ಅಕ್ಕಿಯ ಅನ್ನ ಉಂಡರೂ ಅದರಿಂದ ದೊರೆಯುವುದು ಹೆಚ್ಚೆಂದರೆ 30 ಮೈಕ್ರೋಗ್ರಾಂ ಆಸುಪಾಸು. ಗರ್ಭ ಧರಿಸಬಯಸುವ ಹೆಣ್ಣುಮಗಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬೇಕೆಂಬುದು ವೈದ್ಯರ ಸಲಹೆ. ಆದ್ದರಿಂದ ಅಕ್ಕಿ ಬಂತೆಂದು ಮಾತ್ರೆಯನ್ನು ಬಿಡುವಂತಿಲ್ಲ. ಮಾತ್ರೆಯನ್ನೂ ನಾವು ಕೊಡುತ್ತಿರುವುದು ತಿಂಗಳು ತಪ್ಪಿ, ತಾಯಿ ಕಾರ್ಡು ಮಾಡಿಸಿದ ನಂತರ. ಆ ಹೊತ್ತಿಗೆ 28 ದಿನಗಳ ಆ ಕಾಲ ಕಳೆದೇ ಹೋಗಿರುತ್ತದೆ. ಮಾತ್ರೆ ಆರಂಭವಾಗಬೇಕಾದದ್ದು ಗರ್ಭಕ್ಕೆ ಮೊದಲು. ಹಿಂದೆ ಇಂಥ ಮಗುವನ್ನು ಹೆತ್ತವರಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮಧುಮೇಹವುಳ್ಳ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುಂಚೆಯೇ ಸಕ್ಕರೆಯ ಮಟ್ಟವನ್ನು ಹತೋಟಿಗೆ ತಂದುಕೊಳ್ಳುವುದು ಅಷ್ಟೇ ಮುಖ್ಯ.

ನಾಚಿಕೆ ಯಾರದು?

ಗ್ರಹಣ ಕಾಲದಲ್ಲಿ ತಾಯಿ ಕತ್ತರಿ ಹಿಡಿದಳು, ಹಿಂದಿನ ಜನ್ಮದ ಕರ್ಮ, ಸೊಸೆಯ ಕಾಲ್ಗುಣ ಎಂಬ ಮಾತುಗಳು ಇಂದಿಗೂ ನಮ್ಮ ಕಿವಿಗೆ ಬೀಳುತ್ತಿವೆ. ಜನನ ಸೂತಕವನ್ನೇ ಒಪ್ಪದ ಶರಣರ ಹಾದಿಯಲ್ಲಿ ನಡೆಯುತ್ತೇವೆನ್ನುವ ನಾವು, ಹುಟ್ಟಿನಲ್ಲಿ ಬಂದ ಒಂದು ದೇಹದೋಷವನ್ನು ಕಳಂಕವೆಂದು ಮರೆಮಾಚುವುದು ಯಾವ ನ್ಯಾಯ? ಬಚ್ಚಿಟ್ಟರೆ ದೋಷ ಹೋಗುವುದಿಲ್ಲ, ಅವಕಾಶ ಹೋಗುತ್ತದೆ. ಕಾಲಿನ ದೋಷವನ್ನು ಊರಿಗೆಲ್ಲ ಹೇಳಿಕೊಳ್ಳುವವರು ಮೂತ್ರ, ಮಲದ ದೋಷವನ್ನು ವೈದ್ಯರೆದುರಿಗೂ ಹೇಳುವುದಿಲ್ಲ. ಸೊಂಟದ ದೋಷಗಳು ತಡವಾಗಿ ಬೆಳಕಿಗೆ ಬರಲು ಇದೂ ಒಂದು ಕಾರಣ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಮೂತ್ರದ ಮೇಲೆ ಹಿಡಿತವಿಲ್ಲದಿರುವುದು ಅದರಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. ಕಾಲು ಗಟ್ಟಿಯಿದ್ದು ಮೂತ್ರಕೋಶ ಮಾತ್ರ ದುರ್ಬಲವಾದ ಮಗುವಿನ ಕಷ್ಟ ಹೀಗೆ ಕಾಗದದ ಮೇಲೂ ಕಾಣದೆ ಹೋಗುತ್ತದೆ. ಆ ಮಗುವಿಗೆ ಶಾಲೆಯಲ್ಲಿ ಬೇಕಾದದ್ದು ಬಾಗಿಲು ಮುಚ್ಚುವ ಶುಚಿಯಾದ ಶೌಚಾಲಯ, ಕೈ ತೊಳೆಯಲು ನೀರು ಸೋಪು, ಪಾಠದ ನಡುವೆ ಎದ್ದುಹೋಗಲು ಕಾರಣ ಕೇಳದ ಗುರುಗಳು. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಭಕ್ತರಲ್ಲಿ ನಮ್ಮ ವಿನಂತಿಗಳು ಕೆಲವೇ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಯ ಕಣ್ಣು ದಿನವೂ ಅದರ ಬೆನ್ನಿನ ಮೇಲೆ ಬೀಳುತ್ತದೆ. ಯಾವ ವೈದ್ಯರಿಗೂ ಇಲ್ಲದ ಅವಕಾಶ ಆಕೆಗಿದೆ. ನಡುಬೆನ್ನಿನ ಗುರುತು ಕಂಡರೆ ಆಕೆ ಬಾಯಿಬಿಟ್ಟು ಹೇಳಲಿ, ಮನೆಯವರು ಮೂರು ತಿಂಗಳೊಳಗೆ ಮಗುವನ್ನು ತೋರಿಸಲಿ. ಆಶಾ ಕಾರ್ಯಕರ್ತೆ ಬಂದಾಗ ಕೂಸಿನ ಬಟ್ಟೆ ಬಿಚ್ಚಿ ಬೆನ್ನನ್ನು ತೋರಿಸಿರಿ. ಐದು ವರ್ಷ ದಾಟಿದ ಮಗು ಹಗಲಿನಲ್ಲಿಯೂ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದರೆ, ಬಿಡದ ಮಲಬದ್ಧತೆಯಿದ್ದರೆ, ನಡಿಗೆ ಬದಲಾದರೆ, ಬೈಯದೆ ಹೊಡೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತೆಗೆಸಿದ ಪ್ರತಿ ಫಿಲ್ಮು, ಸಿಡಿ, ವರದಿಯನ್ನು ಮನೆಪತ್ರಗಳಂತೆ ಒಂದೇ ಕಡೆ ಜೋಪಾನವಾಗಿಡಿರಿ. ಹಳೆಯ ಚಿತ್ರದೊಡನೆ ಹೊಸದನ್ನು ಹೋಲಿಸಿದಾಗಲೇ ಬದಲಾವಣೆ ತಿಳಿಯುವುದು.

ಮುಂಬರುವ ಸಾಮೂಹಿಕ ವಿವಾಹದಲ್ಲಿ ವಧೂವರರಿಗೆ ನೀಡುವ ಆಶೀರ್ವಾದ ಪತ್ರದೊಡನೆ ಫೋಲಿಕ್ ಆಮ್ಲದ ಬಗೆಗಿನ ಒಂದು ಪುಟದ ತಿಳಿವಳಿಕೆಯನ್ನೂ ಸೇರಿಸಬೇಕೆಂದು ನಾವು ಯೋಚಿಸಿದ್ದೇವೆ. ಮಠದ ಶಾಲೆಗಳ ಶೌಚಾಲಯಗಳನ್ನು ಇಂಥ ಮಕ್ಕಳ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವ ಹೊಣೆಯೂ ನಮ್ಮದೇ.

ಆ ಬಾಲಕ ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ತಾಯಿ ಶಾಲೆಗೆ ಬಂದು ಅವನ ಮೂತ್ರಕೋಶವನ್ನು ಬರಿದು ಮಾಡಿ ಮರಳುತ್ತಾರೆ. ಮುಂದಿನ ವರ್ಷ ತಾನೇ ಮಾಡಿಕೊಳ್ಳಲು ಕಲಿಯುತ್ತೇನೆಂದು ಅವನು ನಮ್ಮೆದುರು ಹೇಳಿದ. ಕಳೆದುಹೋದ ಏಳು ವರ್ಷಗಳನ್ನು ಅವನಿಗೆ ಮರಳಿ ಕೊಡಲು ನಮ್ಮಿಂದ ಆಗದು. ಆದರೆ ಇಂದು ತೊಟ್ಟಿಲಲ್ಲಿರುವ ಕೂಸಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ.



ಕಾರ್ಯದರ್ಶಿಗಳು, ಶ್ರೀಮಠ